ಪಾರಂಪರಿಕ ಪ್ರವಾಸೋದ್ಯಮ: ಹಾವೇರಿ ಜಿಲ್ಲೆಯ ವರ್ತಕರಿಗೆ ಇರುವ ಅವಕಾಶ ಮತ್ತು ಎಚ್ಚರಿಕೆ

ಕರ್ನಾಟಕದ ಪಾರಂಪರಿಕ ತಾಣಗಳ ಕಡೆಗೆ ಪ್ರವಾಸಿಗರ ಒಲವು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಹಂಪಿ (1986) ಮತ್ತು ಪಟ್ಟದಕಲ್ಲಿನ (1987) ಸಾಲಿಗೆ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ಸೇರಿ, ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಪಡೆದವು. ಅದೇ ವರ್ಷದ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕಲ್ಪಿಸಿ, ಕ್ಷೇತ್ರದರ್ಶನದ ಓಡಾಟಕ್ಕೆ ಇಂಬು ನೀಡಿತು. ರಾಜ್ಯ ಸರ್ಕಾರದ 2024-29ರ ಪ್ರವಾಸೋದ್ಯಮ ನೀತಿಯು ಹೊಸ ಹೂಡಿಕೆಗಳಿಗೆ ಸಹಾಯಧನ ಹಾಗೂ ರಿಯಾಯಿತಿಗಳನ್ನು ಒಳಗೊಂಡಿದೆ. ಈ ಬೆಳವಣಿಗೆಗಳಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವರ್ತಕರಿಗೆ ಆಗಬಹುದಾದ ಪ್ರಯೋಜನವೇನೆಂಬುದು ಪರಿಶೀಲಿಸತಕ್ಕ ವಿಷಯವಾಗಿದೆ.

ಇರುವ ಸಂಪತ್ತು

ಜಿಲ್ಲೆಯಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಹಾವೇರಿಯ ಪಶ್ಚಿಮಾಭಿಮುಖವಾದ ಸಿದ್ಧೇಶ್ವರ, ವರದಾ-ತುಂಗಭದ್ರಾ ಸಂಗಮದ ಬಳಿಯ ಗಳಗನಾಥದ ಗಳಗೇಶ್ವರ, ಹಾನಗಲ್ಲಿನ ತಾರಕೇಶ್ವರ, ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಮತ್ತು ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯಗಳು ಕಲ್ಯಾಣ ಚಾಲುಕ್ಯ ಶಿಲ್ಪದ ಉತ್ತಮ ಮಾದರಿಗಳಾಗಿವೆ. ಕನಕದಾಸರ ಜನ್ಮಸ್ಥಳವಾದ ಬಾಡ, ಅವರ ಆರಾಧ್ಯದೈವ ಆದಿಕೇಶವನ ಕಾಗಿನೆಲೆ, ಸಂತ ಶರೀಫರ ಶಿಶುನಾಳ ಇಲ್ಲಿಯೇ ಇವೆ.

ಬೆಂಗಳೂರು-ಪುಣೆ ಹೆದ್ದಾರಿಯೂ ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗವೂ ಜಿಲ್ಲೆಯನ್ನು ಹಾಯ್ದು ಹೋಗುತ್ತವೆ. ಆದರೆ ಬಾದಾಮಿ, ಗೋವೆಗಳತ್ತ ಹೊರಟವರಿಗೆ ಈ ಜಿಲ್ಲೆ ಕೇವಲ ದಾರಿಯ ಊರಾಗಿ ಉಳಿದಿದೆ. ಒಂದು ಗಂಟೆ ನಿಂತು ದೇವಾಲಯ ನೋಡಿ ಹೋಗುವವರಿಂದ ಊರಿಗೆ ದೊರೆಯುವುದು ಹೆಚ್ಚೆಂದರೆ ಚಹಾ, ಉಪಾಹಾರದ ಹಣ. ಒಂದು ರಾತ್ರಿ ತಂಗಿದರೆ ಕೊಠಡಿ, ಎರಡು ಹೊತ್ತಿನ ಊಟ, ಬಾಡಿಗೆ ವಾಹನ ಹಾಗೂ ಖರೀದಿ ಎಲ್ಲವೂ ಸ್ಥಳೀಯ ವ್ಯಾಪಾರಕ್ಕೆ ಸೇರುತ್ತವೆ. ಮೊದಲ ದಿನ ರಾಣೆಬೆನ್ನೂರಿನಿಂದ ಚೌಡಯ್ಯದಾನಪುರ, ಗಳಗನಾಥ ನೋಡಿ ಹಾವೇರಿಯಲ್ಲಿ ವಾಸ್ತವ್ಯ. ಮರುದಿನ ಕಾಗಿನೆಲೆ, ಹಾನಗಲ್ಲು, ಬಂಕಾಪುರ, ಬಾಡ. ಇಂತಹ ಎರಡು ದಿನಗಳ ಮಾರ್ಗವನ್ನು ವಸತಿಗೃಹ ಹಾಗೂ ವಾಹನ ಮಾಲೀಕರು ಕೂಡಿ ರೂಪಿಸಬಹುದು.

ನಿವೇಶನ ಕೊಳ್ಳುವ ಮುನ್ನ

ದೇವಾಲಯದ ಸಮೀಪದಲ್ಲಿಯೇ ವಸತಿಗೃಹ ಕಟ್ಟಿದರೆ ಗಿರಾಕಿ ತಾನಾಗಿ ಬರುವನೆಂಬ ಎಣಿಕೆ ಸಹಜ. ಆದರೆ ಇಲ್ಲಿಯೇ ಬಂಡವಾಳ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅಲ್ಲಿ ಖಾಸಗಿಯವರು ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇರೆಗೆ ಸಕ್ಷಮ ಪ್ರಾಧಿಕಾರಿಯು ಅನುಮತಿ ನೀಡಬೇಕು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮೊದಲಿನ ಕಟ್ಟಡವಿದ್ದಲ್ಲಿ, ಅದರ ದುರಸ್ತಿ ಅಥವಾ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ನಿಯಮ ಮೀರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ದೂರವನ್ನು ಗರ್ಭಗುಡಿಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಅಳೆಯಲಾಗುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವೆ ನಂಬರಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಬೇಕು. ಹೆದ್ದಾರಿ ಅಥವಾ ಪಟ್ಟಣದ ಪೇಟೆಗೆ ಹೊಂದಿದ ನಿವೇಶನವೇ ಹೆಚ್ಚಿನ ಸಂದರ್ಭಗಳಲ್ಲಿ ಕ್ಷೇಮಕರ.

ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿ ಬಾಡಿಗೆಯ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಗಿರಾಕಿಗೆ ಇದು ಅನುಕೂಲವೇ. ಆದರೆ ಶೇ. 5ರ ದರದಲ್ಲಿ, ಪೀಠೋಪಕರಣ, ಹವಾನಿಯಂತ್ರಣ ಯಂತ್ರ ಮುಂತಾದವುಗಳ ಖರೀದಿಗೆ ತೆತ್ತ ತೆರಿಗೆಯನ್ನು ಜಮೆ ಪಡೆಯಲಾಗದು. ಹೊಸದಾಗಿ ವಸತಿಗೃಹ ಆರಂಭಿಸುವವರು ಆ ಮೊತ್ತವನ್ನು ಬಂಡವಾಳ ವೆಚ್ಚಕ್ಕೇ ಸೇರಿಸಿ ಲೆಕ್ಕ ಹಾಕಬೇಕು.

ಕೈಯಲ್ಲಿರುವ ಸರಕು

ಕಟ್ಟಡ ಕಟ್ಟಲಾಗದವರಿಗೂ ಪಾಲುಂಟು. ಗಾಢ ಕೆಂಪು ಬಣ್ಣ ಹಾಗೂ ಕಡಿಮೆ ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ದಲಾಲಿ ಅಂಗಡಿಗಳಲ್ಲಿ ಚೀಲಗಟ್ಟಲೆ ಮಾರಾಟವಾಗುವ ಈ ಸರಕನ್ನು ಪ್ರವಾಸಿಗನು ಕಾಲು ಕಿಲೋ ಪೊಟ್ಟಣದಲ್ಲಿ ಬಯಸುತ್ತಾನೆ. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಇರಬೇಕು. ಭೌಗೋಳಿಕ ಸೂಚಕದ ಹಕ್ಕಿನಿಂದ ಹೆಸರನ್ನು ಬಳಸಬಯಸುವವರು ಚೆನ್ನೈನ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಅವಶ್ಯ. ಬೇರೆ ಊರಿನ ಕಾಯಿಯನ್ನು ಬ್ಯಾಡಗಿಯ ಹೆಸರಿನಲ್ಲಿ ಮಾರುವುದು ಕಾನೂನಿಗೂ ವಿರುದ್ಧ, ಮಾರುಕಟ್ಟೆಯ ಹೆಸರಿಗೂ ಕುಂದು.

ಗಣ್ಯರ ಸನ್ಮಾನಕ್ಕೆಂದೇ ಪ್ರಸಿದ್ಧವಾದ ಹಾವೇರಿಯ ಏಲಕ್ಕಿ ಹಾರವೂ ಹಾಗೆಯೇ. ಅದರ ಸಣ್ಣ, ಮಿತಬೆಲೆಯ ಮಾದರಿಗಳು ವಸತಿಗೃಹಗಳಲ್ಲಿ ದೊರೆತರೆ ಈ ಕೈಕಸುಬಿಗೆ ವರ್ಷವಿಡೀ ಕೆಲಸ ದೊರೆಯಬಹುದು.

ಸ್ಮಾರಕಗಳ ರಕ್ಷಣೆ ಸರ್ಕಾರದ ಹೊಣೆ. ಆದರೆ ಬಂದವರನ್ನು ಒಂದು ರಾತ್ರಿ ನಿಲ್ಲಿಸಿಕೊಳ್ಳುವ ಹೊಣೆ ವರ್ತಕರದು. ಶುಚಿಯಾದ ಕೊಠಡಿ, ನ್ಯಾಯವಾದ ದರ, ನಂಬಿಕೆಗೆ ಅರ್ಹವಾದ ಸರಕು, ಈ ಮೂರನ್ನು ಒದಗಿಸಿದಲ್ಲಿ ದಾರಿಯ ಊರು ತಂಗುವ ಊರಾಗುವುದರಲ್ಲಿ ಸಂದೇಹವಿಲ್ಲ.