‘ಕಷಾಯ ಕುಡೀದೇ ಇದ್ದಿದ್ರೆ ಏನಾಗ್ತಿತ್ತು, ಮಿಸ್?’

ಸುಟ್ಟ ಗಾಯಕ್ಕೆ ಸಗಣಿ ಹಚ್ಚಿದರೆ ಬೇಗ ಮಾಯುತ್ತದೆ ಎಂಬ ಮಾತು ಉಗಾಂಡಾದಲ್ಲೂ ಇದೆ. ಇಂಥ ಮಾತನ್ನು ಹತ್ತು ವರ್ಷದ ಮಗು ಒರೆಗೆ ಹಚ್ಚಬಲ್ಲದೇ? ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದವರು ನಾರ್ವೆಯ ಸಂಶೋಧಕರ ಜತೆ ಸೇರಿ 2016ರಲ್ಲಿ ಇದನ್ನು ಪರೀಕ್ಷಿಸಿದರು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇಷ್ಟು ಭರವಸೆ ಕೊಟ್ಟ ಸುದ್ದಿ ಮತ್ತೊಂದಿಲ್ಲ.

ಮಕ್ಕಳಿಗಾಗಿ ಅವರು ಚಿತ್ರಕಥೆಯ ಪಠ್ಯಪುಸ್ತಕ ಬರೆದರು. ಅದರಲ್ಲಿ ಜಾನ್, ಜೂಲಿ ಎಂಬ ಮಕ್ಕಳಿಗೆ ಇಬ್ಬರು ಪ್ರೊಫೆಸರ್‌ಗಳು ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ಮಧ್ಯ ಉಗಾಂಡಾದ 120 ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಐದನೇ ತರಗತಿಗೆ ವಾರಕ್ಕೆ 80 ನಿಮಿಷದಂತೆ ಒಂಬತ್ತು ಪಾಠ. ಇನ್ನೊಂದಕ್ಕೆ ಎಂದಿನ ಪಠ್ಯ. ಕೊನೆಯಲ್ಲಿ ಎರಡಕ್ಕೂ ಒಂದೇ ಪರೀಕ್ಷೆ. ಪಾಠ ಕೇಳಿದವರಲ್ಲಿ ಶೇ 69, ಕೇಳದವರಲ್ಲಿ ಶೇ 27 ಮಕ್ಕಳು ಪಾಸಾದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶ ಪ್ರಕಟಿಸಿತು. ವರ್ಷ ಕಳೆದು ನೋಡಿದಾಗಲೂ ಮಕ್ಕಳು ಕಲಿತದ್ದನ್ನು ಮರೆತಿರಲಿಲ್ಲ.

ಆ ಪಾಠದ ಜೀವಾಳವನ್ನು ನಾನು ನಮ್ಮ ಐದನೇ ತರಗತಿಗೂ ತಂದೆ. ‘ಅಜ್ಜಿ ಮೆಣಸಿನ ಕಷಾಯ ಕೊಟ್ರು, ನೆಗಡಿ ಹೋಯ್ತು’ ಎಂದಳು ಒಬ್ಬಳು. ‘ನಾನು ಏನೂ ಕುಡೀಲಿಲ್ಲ, ನಂದೂ ಹೋಯ್ತು’ ಎಂದ ಹಿಂದಿನ ಬೆಂಚಿನವನು. ‘ಹಾಗಾದ್ರೆ ಕುಡೀದೇ ಇದ್ದಿದ್ರೆ ಏನಾಗ್ತಿತ್ತು, ಮಿಸ್?’ ಎಂದು ಅವಳೇ ಕೇಳಿದಳು. ಅದನ್ನು ತಿಳಿಯಲು ಕುಡಿದವರನ್ನೂ ಕುಡಿಯದವರನ್ನೂ ಹೋಲಿಸಬೇಕು. ಯಾರು ಕುಡಿಯಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಟ್ಟಾರು. ನಾಲ್ಕೈದು ಜನರನ್ನು ನೋಡಿದರೆ ಸಾಲದು. ಗುಣದ ಜತೆಗೆ ಕೆಡುಕನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಕ್ಕಳು ಹಿರಿಯರಿಗೆ ಎದುರು ಮಾತಾಡುವುದನ್ನು ಕಲಿತಾರೆಂದು ಕೆಲವು ಪೋಷಕರಿಗೆ ಆತಂಕ. ಈ ಪ್ರಶ್ನೆಗಳು ಅಜ್ಜಿಯೊಬ್ಬರಿಗೇ ಅಲ್ಲ. ಟೀವಿಯಲ್ಲಿ ಬರುವ ಎತ್ತರ ಬೆಳೆಸುವ ಪುಡಿಗೂ, ಹೊಸದಾಗಿ ಬಂದ ದುಬಾರಿ ಮಾತ್ರೆಗೂ ಅವನ್ನೇ ಕೇಳಬೇಕು. ತಲೆತಲಾಂತರದಿಂದ ಬಂದದ್ದು ಎಂಬುದೂ ಪುರಾವೆಯಲ್ಲ, ಹೊಚ್ಚಹೊಸದು ಎಂಬುದೂ ಅಲ್ಲ.

ನೆಗಡಿಯಲ್ಲಿ ತಪ್ಪು ನಂಬಿಕೆಯಿಂದ ದೊಡ್ಡ ನಷ್ಟವಿಲ್ಲ. ನಾಯಿ ಕಚ್ಚಿದಾಗ ನಾಟಿ ಮದ್ದನ್ನೇ ನಂಬಿ ಕೂತರೆ ಜೀವಕ್ಕೇ ಅಪಾಯ. ಗಾಯವನ್ನು ತಕ್ಷಣ ಸೋಪು ನೀರಿನಿಂದ ಚೆನ್ನಾಗಿ ತೊಳೆದು ಲಸಿಕೆ ಹಾಕಿಸಬೇಕು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ತೀರಾ ಅಪರೂಪ. ಉಗಾಂಡಾದ ಮಕ್ಕಳಿಗೆ ಒಂಬತ್ತು ವಾರ ಸಾಕಾಯಿತು. ನಮ್ಮ ವಿಜ್ಞಾನದ ಪೀರಿಯಡ್‌ನಲ್ಲೂ ಅಷ್ಟು ಬಿಡುವು ಮಾಡಿಕೊಡಲೇಬೇಕು.