ಔಷಧ ‘ಕೆಲಸ ಮಾಡಿತು’ ಎಂದರೇನು?

‘ಹೊಸ ಮಾತ್ರೆ ಪರಿಣಾಮಕಾರಿ’ ಎಂಬಂಥ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಆಗಾಗ ಓದಿರುತ್ತೀರಿ. ಮನೆಯಲ್ಲಿ ಆ ಕಾಯಿಲೆಯವರು ಯಾರಾದರೂ ಇದ್ದರೆ ಆ ತುಣುಕನ್ನು ಕತ್ತರಿಸಿಟ್ಟುಕೊಂಡು, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಒಯ್ಯುವುದೂ ಉಂಟು. ಅದರಲ್ಲಿ ತಪ್ಪೇನಿಲ್ಲ. ಆದರೆ ಪರಿಣಾಮಕಾರಿ ಎಂದು ತೀರ್ಮಾನಿಸಲು ಸಂಶೋಧಕರು ಅಳೆದದ್ದು ಏನನ್ನು? ರೋಗಿಯ ಆಯುಸ್ಸನ್ನೇ, ನೋವನ್ನೇ, ಇಲ್ಲವೇ ಪರೀಕ್ಷೆಯ ಒಂದು ಅಂಕಿಯನ್ನೇ? ಈ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವೇ ಸಾಕ್ಷಿ.

ಹೃದಯಾಘಾತದಿಂದ ಪಾರಾದ ಕೆಲವರಲ್ಲಿ ಎದೆಬಡಿತ ಆಗಾಗ ತಾಳ ತಪ್ಪುತ್ತದೆ. ಬರಬೇಕಾದ ಹೊತ್ತಿಗೆ ಮುಂಚೆಯೇ ಒಂದು ಬಡಿತ ಬಂದುಬಿಡುತ್ತದೆ. ಇಂಥ ಅಕಾಲ ಬಡಿತಗಳು ಹೆಚ್ಚಾಗಿರುವವರಲ್ಲಿ ಹಠಾತ್ ಸಾವೂ ಹೆಚ್ಚು ಎಂಬುದು ವೈದ್ಯರಿಗೆ ಗೊತ್ತಿತ್ತು. ಹಾಗಾದರೆ ಆ ಬಡಿತಗಳನ್ನು ಅಡಗಿಸಿದರೆ ಸಾವೂ ತಪ್ಪಬೇಕಲ್ಲವೇ? 1980ರ ದಶಕದಲ್ಲಿ ಬಂದ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಮಾತ್ರೆಗಳು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದವು. ಇ.ಸಿ.ಜಿ. ತೆಗೆದರೆ ಗೆರೆ ಅಚ್ಚುಕಟ್ಟು. ರೋಗಿಗೂ ಸಮಾಧಾನ, ವೈದ್ಯರಿಗೂ ಸಮಾಧಾನ.

ಆಯುಸ್ಸು ನಿಜಕ್ಕೂ ಹೆಚ್ಚುತ್ತದೆಯೇ ಎಂದು ನೋಡಲು 1987ರಲ್ಲಿ ‘ಕಾಸ್ಟ್’ ಎಂಬ ಪ್ರಯೋಗ ಆರಂಭವಾಯಿತು. ಅರ್ಧದಷ್ಟು ಜನಕ್ಕೆ ಹುಸಿಮಾತ್ರೆ ಕೊಡುವುದು ಅನ್ಯಾಯ ಎಂದು ಆಗ ಕೆಲವು ವೈದ್ಯರು ಭಾವಿಸಿದ್ದರು. ಮೊದಲು ಎಲ್ಲರಿಗೂ ಮಾತ್ರೆ ಕೊಟ್ಟು ನೋಡಿ, ಯಾರಲ್ಲಿ ಅಕಾಲ ಬಡಿತಗಳು ಅಡಗಿದವೋ ಅವರನ್ನಷ್ಟೇ ಮುಂದಿನ ಹಂತಕ್ಕೆ ಆರಿಸಿದರು. ಎಂದರೆ, ಹಳೆಯ ಲೆಕ್ಕದಲ್ಲಿ ಅವರೆಲ್ಲರಿಗೂ ಔಷಧ ‘ಕೆಲಸ ಮಾಡಿತ್ತು’. ಆಮೇಲೆ ಚೀಟಿ ಎತ್ತಿದಂತೆ ಕೆಲವರಿಗೆ ಅದೇ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ.

1989ರಲ್ಲಿ ಈ ಎರಡು ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ಪೂರ್ಣ ಲೆಕ್ಕ ಹೀಗಿದೆ: ಸರಾಸರಿ 10 ತಿಂಗಳಲ್ಲಿ ಹುಸಿಮಾತ್ರೆ ನುಂಗಿದ 743 ಮಂದಿಯಲ್ಲಿ 26 ಮಂದಿ ತೀರಿಕೊಂಡಿದ್ದರೆ, ನಿಜವಾದ ಮಾತ್ರೆ ನುಂಗಿದ 755 ಮಂದಿಯಲ್ಲಿ 63 ಮಂದಿ ತೀರಿಕೊಂಡಿದ್ದರು. ಎರಡು ಪಟ್ಟಿಗೂ ಹೆಚ್ಚು! ಗಾಯಗೊಂಡ ಹೃದಯದಲ್ಲಿ ವಿದ್ಯುತ್ ಸಂಚಾರವನ್ನು ನಿಧಾನಿಸುವ ಈ ಮಾತ್ರೆಗಳು ಸಣ್ಣ ತಾಳತಪ್ಪನ್ನು ಅಡಗಿಸಿ, ಪ್ರಾಣಾಂತಿಕವಾದ ದೊಡ್ಡ ತಾಳತಪ್ಪಿಗೆ ದಾರಿ ಮಾಡಿಕೊಡುತ್ತಿದ್ದವು.

ಇಲ್ಲಿ ನೀವು ಗಮನಿಸಬೇಕಾದ ಮಾತೊಂದಿದೆ. ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡುವ ವೈದ್ಯರಿಗೆ ಈ ಅಪಾಯ ಕಾಣುವಂತೆಯೇ ಇರಲಿಲ್ಲ. ಹೃದಯಾಘಾತವಾದವರು ತೀರಿಕೊಂಡರೆ ‘ಪಾಪ, ಹೃದಯವೇ ದುರ್ಬಲವಾಗಿತ್ತು’ ಎಂದುಕೊಳ್ಳುತ್ತೇವೆಯೇ ಹೊರತು ಮಾತ್ರೆಯ ಮೇಲೆ ಅನುಮಾನ ಹೋಗುವುದಿಲ್ಲ. ಎರಡು ಗುಂಪು ಮಾಡಿ, ಗೆರೆಯನ್ನು ಬಿಟ್ಟು ಸಾವನ್ನೇ ಎಣಿಸಿದ್ದರಿಂದ ನಿಜ ತಿಳಿಯಿತು.

ಮೂಳೆಯ ವಿಷಯದಲ್ಲೂ ಹೀಗೆಯೇ ಆಯಿತು. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದ ಮಹಿಳೆಯರಿಗೆ ಸೋಡಿಯಂ ಫ್ಲೋರೈಡ್ ಕೊಟ್ಟು ನಾಲ್ಕು ವರ್ಷ ನಡೆಸಿದ ಅಮೆರಿಕದ ಪ್ರಯೋಗವೊಂದರ ಫಲಿತಾಂಶ 1990ರಲ್ಲಿ ಬಂತು. ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇಕಡ 35ರಷ್ಟು ಏರಿತ್ತು. ಆದರೆ ಬೆನ್ನುಮೂಳೆ ಮುರಿಯುವುದು ಕಡಿಮೆಯಾಗಲಿಲ್ಲ. ಬೇರೆ ಕಡೆಯ ಮೂಳೆಗಳು ಇನ್ನೂ ಹೆಚ್ಚಾಗಿ ಮುರಿದವು. ಕೋಲಾರ, ಚಿತ್ರದುರ್ಗ, ಪಾವಗಡದ ಕಡೆಯ ಓದುಗರಿಗೆ ಇದು ಅಷ್ಟೇನೂ ಆಶ್ಚರ್ಯ ಎನಿಸಲಾರದು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮೂಳೆ ‘ಗಟ್ಟಿ’ಯಾದವರ ಪಾಡೇನೆಂದು ಅವರು ಕಣ್ಣಾರೆ ಕಂಡಿದ್ದಾರೆ.

ಹಾಗೆಂದು ಎಲ್ಲ ಅಂಕಿಗಳೂ ಸುಳ್ಳಲ್ಲ. ರಕ್ತದೊತ್ತಡವನ್ನೇ ತೆಗೆದುಕೊಳ್ಳಿ. ಅದನ್ನು ಇಳಿಸಿದರೆ ಲಕ್ವ ಹೊಡೆಯುವುದು ಕಡಿಮೆಯಾಗುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಸಾಬೀತಾಗಿದೆ. ಆದ್ದರಿಂದ ಈ ಲೇಖನ ಓದಿ ಬಿ.ಪಿ. ಮಾತ್ರೆಯನ್ನು ನಿಲ್ಲಿಸಬೇಡಿ. ಫ್ಲೆಕೈನೈಡ್ ಕೂಡ, ಹೃದಯಕ್ಕೆ ಬೇರೆ ದೋಷವಿಲ್ಲದವರ ಕೆಲವು ತಾಳತಪ್ಪುಗಳಿಗೆ ಇಂದಿಗೂ ಬಳಕೆಯಲ್ಲಿದೆ. ಯಾರಾದರೂ ಸೇವಿಸುತ್ತಿದ್ದರೆ ಗಾಬರಿಯಾಗದೆ ವೈದ್ಯರನ್ನೇ ಕೇಳಿ.

ಇನ್ನೊಂದು ಚಮತ್ಕಾರವೂ ಉಂಟು. ಹತ್ತು ಸಂಗತಿಗಳನ್ನು ಅಳೆದು, ಕೊನೆಗೆ ಚೆನ್ನಾಗಿ ಬಂದ ಒಂದನ್ನಷ್ಟೇ ಸಾರುವುದು. ಬಾಣ ಬಿಟ್ಟ ಮೇಲೆ ಅದು ನೆಟ್ಟ ಕಡೆ ಗುರಿಯ ವೃತ್ತ ಬರೆದ ಹಾಗೆ. ಇದನ್ನು ತಡೆಯಲು, ಮುಖ್ಯ ಅಳತೆ ಯಾವುದೆಂದು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ನಮ್ಮ ದೇಶದಲ್ಲಿ ಇದಕ್ಕಾಗಿ 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಔಷಧ ಪ್ರಯೋಗಗಳ ನೋಂದಣಿ ಪುಸ್ತಕ ಆರಂಭವಾಯಿತು. 2009ರಿಂದ ಔಷಧ ನಿಯಂತ್ರಕರು ನೋಂದಣಿಯನ್ನು ಕಡ್ಡಾಯ ಮಾಡಿದರು. ಇಂಟರ್‌ನೆಟ್‌ನಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು.

ನಿಮ್ಮ ಮನೆಯವರನ್ನು ಯಾರಾದರೂ ಇಂಥ ಪ್ರಯೋಗಕ್ಕೆ ಸೇರಿ ಎಂದು ಕೇಳಿದರೆ, ಸಹಿ ಹಾಕುವ ಮುನ್ನ ನೋಂದಣಿ ಸಂಖ್ಯೆಯನ್ನು ಕೇಳಿ. ಕೊನೆಯಲ್ಲಿ ಏನನ್ನು ಅಳೆಯುತ್ತೀರಿ ಎಂದೂ ಕೇಳಿ. ಒಪ್ಪಿಗೆಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂಬುದು ನಿಯಮ; ಅದನ್ನು ಮನೆಗೆ ತಂದು, ನಾಲ್ಕು ಜನ ಕೂತು ಓದಿ ನೋಡಿ.