ಫಾಲುನ್‌ನ ತಾಮ್ರದ ಗಣಿ

ಸ್ವೀಡನ್ ದೇಶದ ಫಾಲುನ್ ಎಂಬ ಊರನ್ನು ನಾನು ಮೊದಲು ಅರಿತದ್ದು ಭೂಗೋಳದಿಂದಲ್ಲ, ಒಂದು ಕಥೆಯಿಂದ. ಜರ್ಮನ್ ಲೇಖಕ ಯೋಹಾನ್ ಪೀಟರ್ ಹೇಬೆಲ್ 1811ರಲ್ಲಿ ಪ್ರಕಟಿಸಿದ ಆ ಪುಟ್ಟ ಕಥೆಯಲ್ಲಿ, ಮದುವೆಗೆ ಮುನ್ನ ಗಣಿಗಿಳಿದು ಮರಳದ ತರುಣನ ದೇಹ ಐವತ್ತು ವರ್ಷಗಳ ತರುವಾಯ ಕೆಡದೆ ದೊರೆಯುತ್ತದೆ. ಮುದುಕಿಯಾದ ವಧು ಬಂದು ಅವನನ್ನು ಗುರುತಿಸುತ್ತಾಳೆ. ಕೇವಲ ಕವಿಕಲ್ಪನೆಯೆಂದು ನಾನು ಬಗೆದಿದ್ದೆ. ಅದಕ್ಕೊಂದು ನಿಜಸಂಗತಿಯ ಬುಡವಿದೆಯೆಂದು ತಿಳಿದದ್ದು ಅನಂತರ.

ಮಾಟ್ಸ್ ಇಸ್ರೇಲ್ಸನ್ ಎಂಬಾತ ಕಣ್ಮರೆಯಾದದ್ದು 1677ರಲ್ಲಿ, ಸಿಕ್ಕಿದ್ದು 1719ರಲ್ಲಿ. ಗಣಿಯ ನೀರಿನಲ್ಲಿ ಕರಗಿದ್ದ ಲವಣಗಳು ಆತನ ದೇಹವನ್ನು ಕಾಪಾಡಿದ್ದವು. ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಬಳಸುವ ಮೈಲುತುತ್ತದ ಬಳಗದವು. ಹಿಂದೆ ಆತನಿಗೆ ನಿಶ್ಚಯವಾಗಿದ್ದ ಹೆಣ್ಣು, ಮಾರ್ಗರೇಟಾ, ಗುರುತು ಹೇಳಿದಳು.

ಈ ಒಂದು ಸಾವಿಗೆ ಕಥೆಗಾರ ದೊರೆತ. ಉಳಿದವಕ್ಕೆ? ಅಲ್ಲಿನ ಗಣಿಗಾರಿಕೆಯ ಕ್ರಮವನ್ನು ನೋಡಿದರೆ ಅಪಾಯವೆಂಬುದು ಅಲ್ಲಿ ಆಕಸ್ಮಿಕವಾಗಿರಲಿಲ್ಲ. ಸೌದೆಯನ್ನು ಬಂಡೆಗೆ ಒತ್ತಿ ಒಟ್ಟಿ ಬೆಂಕಿ ಹಚ್ಚುವರು. ಕಾದು ಬಿರುಕುಬಿಟ್ಟ ಕಲ್ಲನ್ನು ಬಳಿಕ ಒಡೆದು ತೆಗೆಯುವರು. ಅದಿರಿನಲ್ಲಿ ಗಂಧಕವಿದ್ದುದರಿಂದ ಹೊಗೆ ಉಸಿರುಗಟ್ಟಿಸುತ್ತಿತ್ತು. 1734ರಲ್ಲಿ ಅಲ್ಲಿಗೆ ಬಂದ ಸಸ್ಯಶಾಸ್ತ್ರಜ್ಞ ಲಿನೇಯಸ್‌ಗೆ ಅದು ನರಕವನ್ನೇ ನೆನಪಿಸಿತು.

ಹೊಗೆಗಿಂತ ಕೇಡಿನದು ಲೋಭ. ಈ ಗಣಿ ಪಾಲುದಾರರದು; ಪಾಲಿನ ಮಾತು 1288ರ ಒಂದು ಪತ್ರದಲ್ಲಿಯೇ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ತಾಮ್ರದ ಬಹುಭಾಗ ಇಲ್ಲಿಂದಲೇ ಹೋಗುತ್ತಿತ್ತು, ಸ್ವೀಡನ್ನಿನ ಯುದ್ಧಗಳಿಗೆ ಹಣವೂ ಇದರಿಂದಲೇ. ಒಟ್ಟು ಯೋಜನೆಯೆಂಬುದಿಲ್ಲದೆ ಎತ್ತೆತ್ತಲೋ ತೋಡಿದರು. ಮೇಲಿನ ಭಾರವನ್ನು ಹೊತ್ತ ಕಂಬಗಳೂ ಅದಿರೇ ಅಲ್ಲವೇ, ಅವನ್ನೂ ಕೆತ್ತಿ ತೆಳುವಾಗಿಸಿದರು.

1687ರ ಜೂನ್ 25ರಂದು ದೊಡ್ಡ ಕುಳಿಗಳ ನಡುವಣ ಗೋಡೆಗಳು ಒಮ್ಮೆಲೇ ಕುಸಿದವು. ಸುಮಾರು ನೂರು ಮೀಟರ್ ಆಳದ, ಮುನ್ನೂರು ಮೀಟರಿಗೂ ಮಿಕ್ಕಿದ ಅಗಲದ ಹಳ್ಳ ಬಾಯ್ದೆರೆಯಿತು. ಸತ್ತವರು ಯಾರೂ ಇಲ್ಲ! ಅಂದು ನಡುಬೇಸಗೆಯ ಹಬ್ಬ. ವರ್ಷದಲ್ಲಿ ಗಣಿಯ ಕೆಲಸ ನಿಲ್ಲುತ್ತಿದ್ದ ಕೆಲವೇ ದಿನಗಳಲ್ಲಿ ಅದೊಂದು. ಇದನ್ನು ದೈವಕೃಪೆಯೆನ್ನುವವರೊಡನೆ ನನಗೆ ಜಗಳವಿಲ್ಲ. ಆದರೆ ಆ ಕಂಬಗಳನ್ನು ಕೆತ್ತಿದ್ದು ದೈವವಲ್ಲ.

ಹಬ್ಬ ಮುಗಿದ ಮೇಲೆ ಗಣಿಯ ಕೆಲಸ ಮತ್ತೆ ನಡೆಯಿತು, 1992ರವರೆಗೂ. ಮಾಟ್ಸ್‌ನ ದೇಹವನ್ನು ಜನರು ನೋಡಲೆಂದು ಬಹುಕಾಲ ಇರಿಸಿದ್ದರು, 1749ರಲ್ಲಿ ಹೂಳಿದರು, ಮುಂದಿನ ಶತಮಾನದಲ್ಲಿ ಚರ್ಚಿನ ದುರಸ್ತಿಯ ವೇಳೆ ಅದು ಮತ್ತೆ ಹೊರಬಂದು, ಮತ್ತೆ ಪ್ರದರ್ಶನಕ್ಕೆ ಸಂದಿತು. ಕಡೆಗೆ ಅದನ್ನು ಮಣ್ಣುಮಾಡಿದ್ದು 1930ರಲ್ಲಿ.